ಎರಡೂ 32 ಜಿಬಿ ಕಾರ್ಡೇ, ಆದ್ರೂ ಇಮೇಜ್ ಹಿಡಿಸಲಿಲ್ಲ

ಜಗಳೂರು ಕಡೆಯ ಒಂದು ಹಳ್ಳಿ ಶಾಲೆಗೆ ಆರು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಸಿದ್ಧಮಾಡಿ ಕೊಡ್ತೀನಿ ಅಂತ ಒಪ್ಪಿಕೊಂಡಿದ್ದೆ. ದಾವಣಗೆರೆಯ ಮನೆಯಲ್ಲಿ ಕೂತು ಒಂದು ಮೆಮೊರಿ ಕಾರ್ಡ್‌ಗೆ ಕನ್ನಡ ಕೀಬೋರ್ಡ್, ಗಣಿತದ ಆಟ ಎಲ್ಲಾ ಹಾಕಿದೆ. ಅದರ ಇಮೇಜ್ (ಇಡೀ ಕಾರ್ಡ್‌ನ ಪಡಿಯಚ್ಚಾದ ಒಂದೇ ಫೈಲ್) ತೆಗೆದು ಎರಡನೇ ಕಾರ್ಡ್‌ಗೆ ಬರೆದರೆ, ಎಲ್ಲಾ ಮುಗೀತು ಅನ್ನುವ ಹೊತ್ತಿಗೆ ಜಾಗ ಸಾಲದು ಅಂತ ನಿಂತುಬಿಟ್ಟಿತು.

ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡಿನಲ್ಲಿ ಬೈಟ್ ಲೆಕ್ಕ ನೋಡಿದೆ. ಮೊದಲ ಕಾರ್ಡ್ 3,201 ಕೋಟಿ ಬೈಟ್, ಎರಡನೆಯದು 3,191 ಕೋಟಿ. ಮೇಲೆ 32 ಅಂತ ಬರೆದಿದ್ದರೂ ಒಂದೊಂದು ಕಂಪನಿಯದು ಒಂದೊಂದು ಅಳತೆ. ಹಾಗೆ ಅರ್ಧಕ್ಕೆ ನಿಂತ ಕಾರ್ಡ್ ಕೆಲವು ಸಲ ಬೂಟ್ ಆಗುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ಪಾರ್ಟಿಶನ್ನಿನ (ಕಾರ್ಡ್‌ನೊಳಗಿನ ಒಂದು ವಿಭಾಗದ) ಕೊನೆ ಕಾರ್ಡ್‌ನ ಆಚೆಗೆ ಹೋಗಿರುತ್ತದೆ, ಮಕ್ಕಳ ಕೆಲಸ ಹಾಳಾಗುತ್ತದೆ.

ದೊಡ್ಡ ಕಾರ್ಡ್ ಕೊಳ್ಳುವ ಬದಲು ಇಮೇಜನ್ನೇ ಕುಗ್ಗಿಸಿ. ಮೊದಲು ಅದರ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಲೂಪ್ ಸೆಟಪ್ (losetup) ಕಮಾಂಡ್ ಕೊಟ್ಟು ಇಮೇಜನ್ನು ಡಿಸ್ಕಿನಂತೆ ಜೋಡಿಸಿ. ಪಾರ್ಟಿಶನ್‌ಗಳೂ ಕಾಣುವ ಹಾಗೆ ದೊಡ್ಡಕ್ಷರದ ಪಿ ಆಯ್ಕೆ ಸೇರಿಸಿ. ಆಮೇಲೆ ಹಾಗೆ ಜೋಡಿಸಿದ ಲೂಪನ್ನು ಜಿಪಾರ್ಟೆಡ್ ಎಂಬ ಪಾರ್ಟಿಶನ್ ತಂತ್ರಾಂಶದಲ್ಲಿ ತೆರೆದು, ಕಡತಗಳಿರುವ ಎರಡನೇ ಪಾರ್ಟಿಶನ್ನನ್ನು ಕುಗ್ಗಿಸಿ. ನನ್ನ ಕಡತಗಳು ಹಿಡಿದಿದ್ದು ಸುಮಾರು 7 ಜಿಬಿ, ಅದಕ್ಕಿಂತ ಒಂದೂವರೆ ಜಿಬಿ ಜಾಸ್ತಿ ಬಿಟ್ಟೆ. ತೀರಾ ಬಿಗಿ ಮಾಡಬೇಡಿ.

ಕೈಯಾರೆ ಮಾಡುವವರು ಒಂದು ಕ್ರಮ ನೆನಪಿಡಬೇಕು. ಮಂಡಕ್ಕಿ ಚೀಲ ಚಿಕ್ಕದು ಮಾಡಬೇಕಾದರೆ ಮೊದಲು ಮಂಡಕ್ಕಿ ಕಡಿಮೆ ಮಾಡಿ, ಆಮೇಲೆ ಬಾಯಿ ಹೊಲಿಯುತ್ತೇವೆ ಅಲ್ವಾ? ಹಾಗೇ ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಂ (ಪಾರ್ಟಿಶನ್ನಿನೊಳಗೆ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ), ನಂತರ ಪಾರ್ಟಿಶನ್. ಹಿಗ್ಗಿಸುವಾಗ ಉಲ್ಟಾ. ಜಿಪಾರ್ಟೆಡ್ ಈ ಎರಡನ್ನೂ ತಾನೇ ಸರಿಯಾದ ಕ್ರಮದಲ್ಲಿ ಮಾಡುತ್ತದೆ. ಈ ಪಾರ್ಟಿಶನ್ನಿನ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಅನ್ನು ಮೌಂಟ್ ಆಗಿರುವಾಗ (ಬಳಕೆಗೆ ತೆರೆದಿರುವಾಗ) ಹಿಗ್ಗಿಸಬಹುದು, ಕುಗ್ಗಿಸಲಾಗದು.

ಇಷ್ಟಾದರೂ ಇಮೇಜ್ ಫೈಲ್ ದೊಡ್ಡದಾಗೇ ಇರುತ್ತದೆ, ಬಾಲದಲ್ಲಿ ಖಾಲಿ ಜಾಗ. ಲೂಪ್ ಬಿಚ್ಚಿ ಎಫ್‌ಡಿಸ್ಕ್ ಕಮಾಂಡಿನಲ್ಲಿ ಎರಡನೇ ಪಾರ್ಟಿಶನ್ನಿನ ಕೊನೆಯ ಸೆಕ್ಟರ್ (512 ಬೈಟಿನ ತುಂಡು) ನೋಡಿ. ನನಗೆ 1,83,50,079 ಬಂತು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಒಂದು ಕೂಡಿಸಿ, 512ರಿಂದ ಗುಣಿಸಿ: 939,52,40,960 ಬೈಟ್. ಫೈಲಿನ ಬಾಲ ಕತ್ತರಿಸುವ ಟ್ರಂಕೇಟ್ ಕಮಾಂಡ್‌ಗೆ ಅಲ್ಪವಿರಾಮವಿಲ್ಲದೆ ಅದೇ ಅಳತೆ ಕೊಡಿ. ಇಲ್ಲಿ ಒಂದು ಅಂಕಿ ತಪ್ಪಿದರೂ ಡೇಟಾ ಕತ್ತರಿಸಿಹೋಗಬಹುದು, ಎರಡು ಸಲ ಲೆಕ್ಕ ಮಾಡಿ. ರಾಸ್ಪ್‌ಬೆರಿ ಪೈ ಇಮೇಜಿನಲ್ಲಿ ಪಾರ್ಟಿಶನ್‌ಗಳ ವಿವರ ಶುರುವಿನಲ್ಲೇ ಇಡುವ ಎಂಬಿಆರ್ ಎಂಬ ಪಟ್ಟಿ ಇರುವುದರಿಂದ ಹೀಗೆ ನಡೆಯುತ್ತದೆ. ಜಿಪಿಟಿ ಎಂಬ ಇನ್ನೊಂದು ಬಗೆಯ ಪಟ್ಟಿಯ ಡಿಸ್ಕಾದರೆ ಪಟ್ಟಿಯ ನಕಲು ಕೊನೆಯಲ್ಲೂ ಇರುತ್ತದೆ, ಸುಮ್ನೆ ಕತ್ತರಿಸಬೇಡಿ.

ಪೈಶ್ರಿಂಕ್ ಎಂಬ ಸ್ಕ್ರಿಪ್ಟ್ ಇದನ್ನೆಲ್ಲ ಒಂದೇ ಕಮಾಂಡಿನಲ್ಲಿ ಮುಗಿಸುತ್ತದೆ. ಆದರೂ ಒಂದು ಸಲ ಕೈಯಾರೆ ಮಾಡಿ, ಒಳಗೆ ಏನಾಗುತ್ತದೆ ಅಂತ ತಿಳಿಯುತ್ತದೆ.

ಹೊಸ ಕಾರ್ಡ್‌ಗೆ ಬರೆದು ಬೂಟ್ ಮಾಡಿದ ಮೇಲೆ ಪೈನ ಸೆಟ್ಟಿಂಗ್ ತಂತ್ರಾಂಶವಾದ ರಾಸ್ಪಿ-ಕಾನ್ಫಿಗ್‌ನ ಅಡ್ವಾನ್ಸ್ಡ್ ಮೆನುವಿನಲ್ಲಿ ಫೈಲ್ ಸಿಸ್ಟಂ ಹಿಗ್ಗಿಸುವ ಆಯ್ಕೆ ಒತ್ತಿ, ಒಮ್ಮೆ ರೀಬೂಟ್ ಮಾಡಿ. ಡಿಎಫ್ ಕಮಾಂಡಿನಲ್ಲಿ ಉಳಿದ ಜಾಗ ಸೇರಿದೆಯಾ ನೋಡಿ. ಆರೂ ಕಾರ್ಡ್‌ಗಳಲ್ಲಿ ಹೀಗೆ ನೋಡಿದ ಮೇಲೇ ನಾನು ಜಗಳೂರು ಬಸ್ ಹತ್ತಿದ್ದು.