ಹಳೆ ಮಾರುತಿ 800ರ ಮಿಸ್ಸಿಂಗ್: ಕಾರ್ಬೊರೇಟರ್ ಸ್ಕ್ರೂ ಮುಟ್ಟುವ ಮುನ್ನ

ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ಓಡುವಾಗ, ಗಾಡಿ ನಡುಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದ ಇದಕ್ಕೇ ಮಿಸ್ಸಿಂಗ್ ಎನ್ನುವುದು. ಆಗ ಬಹಳ ಜನ ಮೊದಲು ಕೈಹಾಕುವುದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂಗೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. 796 ಸಿಸಿಯ ಈ ಎಂಜಿನ್ನಿಗೆ ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೂ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ, ಸರಿಹೋದದ್ದೂ ಅಷ್ಟೇ ಬೇಗ ಗೊತ್ತಾಗುತ್ತದೆ. ಈ ಕಾರಿನ ಕೆಲಸದಲ್ಲಿ ಸುಖ ಇರುವುದೇ ಅಲ್ಲಿ.

ಇಲ್ಲಿ ಹೇಳುವುದೆಲ್ಲ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಇರುವ ಕಾರ್ಬೊರೇಟರ್ ಗಾಡಿಗೆ. ಬೇಕಾದದ್ದು ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು), ನಯವಾದ ಉಪ್ಪು ಕಾಗದ, ಒಂದು ಹಳೆ ಪ್ಲಗ್.

ಮೊದಲು ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹಿಡಿಯಿರಿ. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಕಿತ್ತು, ಅದಕ್ಕೆ ಹಳೆ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹ ಎಂಜಿನ್ನಿಗೆ ತಾಗುವಂತೆ ಭದ್ರವಾಗಿ ಇಡಿ. ಸುತ್ತ ಪೆಟ್ರೋಲ್ ಸೋರಿರಬಾರದು. ಕೈ ದೂರವಿಟ್ಟು ಸ್ಟಾರ್ಟ್ ಮಾಡಿ ಕೇಳಿ. ಮೂರನ್ನೂ ಹೀಗೆ ನೋಡಿ. ಯಾವುದನ್ನು ತೆಗೆದರೂ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ.

ಪ್ಲಗ್ ಬಿಚ್ಚುವುದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ಬಲವಂತ ಮಾಡಿದರೆ ಪ್ಲಗ್ ಕೂರುವ ಮರೆ (ಥ್ರೆಡ್) ಹೋಗುತ್ತದೆ. ವೈರುಗಳಿಗೆ 1, 2, 3 ಎಂದು ಟೇಪ್ ಅಂಟಿಸಿಕೊಳ್ಳಿ. ಪ್ಲಗ್ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಚೋಕ್ ಪೂರ್ತಿ ಬಿಟ್ಟುಕೊಳ್ಳುತ್ತಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ. ಎಣ್ಣೆ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.7ರಿಂದ 0.8 ಎಂಎಂ. ಮತ್ತೆ ಹಾಕುವಾಗ ಕೊನೆಯವರೆಗೂ ಬೆರಳಲ್ಲೇ ತಿರುಗಿಸಿ. ಹೊಸ ಪ್ಲಗ್ ಆದರೆ ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು. ಹಳೆಯದಕ್ಕೆ ಅದಕ್ಕಿಂತ ಬಹಳ ಕಡಿಮೆ.

ಇನ್ನು ಪ್ರತಿ ಪ್ಲಗ್ಗಿಗೂ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್. ಕ್ಯಾಪ್ ತೆಗೆದು ಬೆಳಕಿಗೆ ಹಿಡಿಯಿರಿ. ಒಳಗೋಡೆಯಲ್ಲಿ ಪೆನ್ಸಿಲ್ ಗೀಟಿನಂಥ ಕಪ್ಪು ಎಳೆ ಕಂಡರೆ ಕರೆಂಟ್ ಅಲ್ಲಿಂದ ಹರಿದುಹೋಗುತ್ತಿದೆ ಎಂದರ್ಥ. ಮಳೆಗಾಲದಲ್ಲಿ ಬೆಳಿಗ್ಗೆ ಮಾತ್ರ ಮುಷ್ಕರ ಹೂಡುವ ಗಾಡಿಗೆ ಇದೇ ಕಾರಣವಿರುವುದು ಹೆಚ್ಚು. ಅಂಥ ಕ್ಯಾಪನ್ನು ಬದಲಿಸಿ, ಉಜ್ಜಿದರೆ ಎಳೆ ಮರಳಿ ಬರುತ್ತದೆ.

ಪಾಯಿಂಟಿನ ಒಂದು ಮುಖದ ಮೇಲೆ ಸಣ್ಣ ಗುಡ್ಡ ಎದ್ದು, ಎದುರಿನ ಮುಖದಲ್ಲಿ ಅದಕ್ಕೆ ತಕ್ಕ ಗುಂಡಿ ಬಿದ್ದಿರುತ್ತದೆ. ತೆಳುವಾಗಿದ್ದರೆ ಉಪ್ಪು ಕಾಗದದಲ್ಲಿ ಉಜ್ಜಿ, ಪುಡಿ ಉಳಿಯದಂತೆ ಶುಭ್ರ ಕಾಗದ ಎಳೆದು ಒರೆಸಿ. ಗುಡ್ಡ ದೊಡ್ಡದಿದ್ದರೆ ಪಾಯಿಂಟ್ ಜೊತೆ, ಅದು ಸುಡದಂತೆ ಕಾಯುವ ಕಂಡೆನ್ಸರನ್ನೂ ಬದಲಿಸಿ, ಹಳೆ ಕಂಡೆನ್ಸರ್ ಹೊಸ ಪಾಯಿಂಟನ್ನೂ ತಿಂದುಹಾಕುತ್ತದೆ. ಪ್ಲಗ್ ಬಿಚ್ಚಿರುವಾಗಲೇ ನಾಲ್ಕನೇ ಗೇರ್ ಹಾಕಿ ಗಾಡಿಯನ್ನು ಮೆಲ್ಲಗೆ ನೂಕಿ, ಪಾಯಿಂಟ್ ಅತಿ ಹೆಚ್ಚು ತೆರೆದ ಜಾಗದಲ್ಲಿ ನಿಲ್ಲಿಸಿ. ಅಲ್ಲಿ ಗ್ಯಾಪ್ 0.4ರಿಂದ 0.5 ಎಂಎಂ ಇರಬೇಕು. ಫೀಲರ್ ಎಲೆ ಬೆಣ್ಣೆಯಲ್ಲಿ ಎಳೆದಷ್ಟು ತಡೆಯೊಂದಿಗೆ ಜಾರಬೇಕು. ಸ್ಕ್ರೂ ಬಿಗಿ ಮಾಡುವಾಗ ಗ್ಯಾಪ್ ಸರಿದುಬಿಡುತ್ತದೆ, ಆದ್ದರಿಂದ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಪಾಯಿಂಟನ್ನು ತಳ್ಳಿ ತೆರೆಯುವ ಕ್ಯಾಮ್‌ಗೆ ಸಾಸಿವೆ ಕಾಳಿನಷ್ಟು ಗ್ರೀಸ್ ಹಚ್ಚಿ. ಹೆಚ್ಚಾದರೆ ಪಾಯಿಂಟಿಗೆ ಸಿಡಿಯುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಹೊತ್ತು) ಬದಲಾಗುತ್ತದೆ, ಅದನ್ನು ನೋಡಿಸದೆ ಬಿಡಬೇಡಿ.

ಎಲ್ಲ ಜೋಡಿಸಿ, ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಓಡಿಸಿ. ವೈರುಗಳ ಮೇಲೆ ನೀಲಿ ಕಿಡಿ ಕುಣಿದರೆ ಹೊಸ ಸೆಟ್ ಬೇಕು.

ಕೊನೆಗೆ ಸೈಲೆನ್ಸರ್ ಬಾಯಿಗೆ ಒಂದು ಕಾಗದ ಹಿಡಿಯಿರಿ. ಪಟಪಟ ಎಂದು ಒಂದೇ ಸಮ ತಳ್ಳಿಸಿಕೊಂಡರೆ ಈಗ ಐಡ್ಲಿಂಗ್ ಸ್ಕ್ರೂ ಮುಟ್ಟಬಹುದು. ನಡುನಡುವೆ ಕಾಗದ ಒಳಕ್ಕೆ ಎಳೆದುಕೊಂಡರೆ ವಾಲ್ವ್ ಸುಟ್ಟಿರುವ ಸಂಶಯ. ಕಂಪ್ರೆಷನ್ ಚೆಕ್ ಮಾಡಿಸಿ, ಹೆಡ್ ಬಿಚ್ಚುವ ಕೆಲಸ ಗ್ಯಾರೇಜಿನದು.