ಚೈನ್ ಲ್ಯೂಬ್ ಹಾಕಲು ಸಂಜೆಯೇ ಸರಿಯಾದ ಹೊತ್ತು
ಹೊಸ ಟೂರಿಂಗ್ ಬೈಕಿನಲ್ಲಿ ಒಬ್ಬರೇ ಹಲವು ದಿನಗಳ ಪ್ರಯಾಣ ಹೊರಟವರು ಚೈನ್ ಲ್ಯೂಬನ್ನು (ಚೈನ್ ಸವೆಯದಂತೆ ಸಿಂಪಡಿಸುವ ಎಣ್ಣೆ) ಬೆಳಿಗ್ಗೆ ಹೊರಡುವ ಮುನ್ನ ಹಾಕುವ ಬದಲು, ಸಂಜೆ ಗಾಡಿ ನಿಲ್ಲಿಸಿದ ಕೂಡಲೇ, ಚೈನ್ ಇನ್ನೂ ಬೆಚ್ಚಗಿರುವಾಗಲೇ ಹಾಕುವುದು ಒಳ್ಳೆಯದು. ಬೆಚ್ಚಗಿನ ಲೋಹದ ಮೇಲೆ ಲ್ಯೂಬ್ ತೆಳುವಾಗಿ ಹರಿದು ರೋಲರ್‌ಗಳ ಸಂದಿಗೆ ಇಳಿಯುತ್ತದೆ. ಅದರಲ್ಲಿರುವ ದ್ರಾವಕ ರಾತ್ರಿ ಆರಿಹೋಗಿ ಅಂಟಾದ ಪದರ ಮಾತ್ರ ಉಳಿಯುವುದರಿಂದ, ಮರುದಿನ ವೇಗ ಹಿಡಿದಾಗ ಅದು ಸಿಡಿದು ಹಿಂದಿನ ರಿಮ್ಮಿಗೂ ಟೈರಿಗೂ ಬೀಳುವುದು ಬಹಳ ಕಡಿಮೆಯಾಗುತ್ತದೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ, ಚೈನಿನ ಒಂದು ಕೊಂಡಿಗೆ ಗುರುತು ಹಾಕಿಕೊಂಡು, ಕೆಳಗಿನ ಸಾಲಿನ ಒಳಬದಿಗೆ ಗೇಣುದ್ದ ಸಿಂಪಡಿಸಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಅಷ್ಟೇ ಮುಂದಕ್ಕೆ ತಳ್ಳುತ್ತ, ಆ ಗುರುತು ಮರಳಿ ಬರುವವರೆಗೆ ಹೀಗೆಯೇ ಮುಂದುವರಿಸಬಹುದು. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬಾರದು. ಬೆರಳು ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ) ಸಿಕ್ಕರೆ ತುಂಡಾಗಬಹುದು, ಒಂಟಿ ಪ್ರಯಾಣದಲ್ಲಿ ನೆರವಿಗೂ ಯಾರಿರುವುದಿಲ್ಲ. ಚೈನ್ ಕೆಸರಾಗಿದ್ದರೆ ಅಥವಾ ಒದ್ದೆಯಾಗಿದ್ದರೆ ಈ ಉಪಾಯ ಫಲಿಸದು: ಒರೆಸಿ ಒಣಗಿಸದೆ ಹಾಕಿದ ಲ್ಯೂಬ್ ಮಣ್ಣಿನೊಡನೆ ಸೇರಿ ಸವೆತವನ್ನೇ ಹೆಚ್ಚಿಸುತ್ತದೆ. ಚೈನಿನ ಬದಲು ಬೆಲ್ಟ್ ಅಥವಾ ಶಾಫ್ಟ್ ಇರುವ ಗಾಡಿಗಳಿಗೆ ಇದು ಬೇಕಿಲ್ಲ. ಹೊಸ ಚೈನ್ ಆರಂಭದಲ್ಲಿ ಬೇಗ ಸಡಿಲಗೊಳ್ಳುವುದರಿಂದ, ಅದರ ಸಡಿಲವನ್ನು ಮಾತ್ರ ಬೆಳಿಗ್ಗೆ, ಚೈನ್ ತಣ್ಣಗಿರುವಾಗ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಹೋಲಿಸಿ ನೋಡಬೇಕು.