15 ಮಿ.ಮೀ. ಸೈನ್ಯಕ್ಕೆ ಖರೇ ಎರಿ ಹೊಲ

ನಮ್ಮದು ವಾರ್‌ಗೇಮ್ ಗುಂಪು, ಪುಟ್ಟ ಗೊಂಬೆ ಸೈನ್ಯ ಇಟ್ಟು ಹಳೆಯ ಯುದ್ಧಗಳನ್ನು ಟೇಬಲ್ ಮೇಲೆ ಆಡುವವರು. ಎರಿ ಮಣ್ಣನ್ನೇ, ಅಂದರೆ ಕಪ್ಪು ಹೊಲದ ಮಣ್ಣನ್ನೇ ತಂದು ಬೋರ್ಡಿಗೆ ಹಚ್ಚುತ್ತೇನೆ, ಬಿರುಕು ಅದೇ ಬಿಡುತ್ತದೆ ಅಂದಾಗ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. "ನಾಕ ಸಲ ಆನಿ ಇಟ್ಟು ಎತ್ತಿದ್ರ ಎಲ್ಲಾ ಉದುರಿ ಹೋಗತದ ನೋಡು" ಅಂದ ಒಬ್ಬ. ಇನ್ನೊಬ್ಬ ಹೊರಗಿನಿಂದ ಕ್ರ್ಯಾಕಲ್ ಪೇಸ್ಟ್ (ಒಣಗಿದಾಗ ಬಿರುಕು ಬಿಡುವ ಲೇಪ) ತರಿಸು ಅಂತ ಗಂಟು ಬಿದ್ದ. ಎರಡು ಮಳೆಗಾಲ ದಾಟಿವೆ, ಆರು ಅಡಿ ಬೈ ನಾಲ್ಕು ಅಡಿ ಟೇಬಲ್ ಹಾಗೇ ಇದೆ. ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಬೇಸತ್ತು ಬರೆಯಲು ಕೂತಿದ್ದೇನೆ.

ನಾನು ಹಿಡಿದದ್ದು ರಕ್ಕಸಗಿ-ತಂಗಡಗಿ ಕಾಳಗ, ಎಲ್ಲರೂ ತಾಳಿಕೋಟೆ ಯುದ್ಧ ಅನ್ನುವುದು, ಜನವರಿ 23, 1565. ಕೃಷ್ಣೆಯ ದಂಡೆ, ಅದೂ ಜನವರಿ! ನಮ್ಮ ವಿಜಯಪುರ ಜಿಲ್ಲೆಯಲ್ಲಿ ಆ ಹೊತ್ತಿಗೆ ಹೊಲ ಹೇಗಿರುತ್ತದೆ ಅಂತ ಬಸ್ಸಿನ ಕಿಟಕಿಯಿಂದ ನೋಡಿದವರಿಗೂ ಗೊತ್ತು. ಹಿಂಗಾರಿ ಬಿಳಿಜೋಳ ತೆನೆ ಹಿಡಿದು ನಿಂತಿರುತ್ತದೆ, ನೆಲದ ಹಸಿ ಆರಿ ಸಾಲಿನ ನಡುವೆ ಬಿರುಕು ಬಾಯಿ ಬಿಟ್ಟಿರುತ್ತವೆ. ಅಲ್ಲಿ ಹಸಿರು ಹುಲ್ಲಿನ ಮ್ಯಾಟ್ ಹಾಸಿ ರಾಮರಾಯನ ಆನೆ ನಿಲ್ಲಿಸುವುದು ನನ್ನ ಕಣ್ಣಿಗೆ ಸೇರುವುದಿಲ್ಲ.

ಅಳತೆಯ ಲೆಕ್ಕ ಮೊದಲು. 15 ಮಿ.ಮೀ. ಸೈನಿಕ ಅಂದರೆ ಸುಮಾರು ನೂರಕ್ಕೊಂದು. ಹೊಲದಲ್ಲಿ ಒಂದು ಮೀಟರಿನ ಹೆಂಟೆ ಟೇಬಲ್ ಮೇಲೆ ಒಂದು ಸೆಂಟಿಮೀಟರ್. ಮಣ್ಣಿನ ಪದರ ದಪ್ಪವಾದಷ್ಟೂ ಹೆಂಟೆ ದೊಡ್ಡದು, ಬಿರುಕು ಅಗಲ. ಆರು ಮಿ.ಮೀ. ಹಚ್ಚಿ ನೋಡಿದೆ, ಕುದುರೆ ಸಮೇತ ಸವಾರ ಒಳಗೆ ಇಳಿದ. ಒಂದೂವರೆಯಿಂದ ಎರಡು ಮಿ.ಮೀ.ಗೆ ಬಂದಾಗ ಸರಿಹೋಯಿತು.

ಮಣ್ಣು ಮೊದಲು ತಂದದ್ದು ತಾಳಿಕೋಟೆ ಮಗ್ಗಲು, ಡೋಣಿ ಹೊಳೆಯ ದಂಡೆಯಿಂದ. ಕಾಳಗಕ್ಕೆ ಹೆಸರು ಕೊಟ್ಟ ಊರಿನದೇ ಮಣ್ಣಿರಲಿ ಅನ್ನುವ ಹುಚ್ಚು. ಡೋಣಿ ಸವಳು ಅಂತ ಜಿಲ್ಲೆಗೇ ಗೊತ್ತು, ಆದರೂ ಇಷ್ಟೇ ಇಷ್ಟು ಮಣ್ಣು ಏನು ಮಾಡೀತು ಅಂದುಕೊಂಡೆ. ಒಣಗಿದ ಮೇಲೆ ಬಿರುಕಿನ ಅಂಚಿಗೆಲ್ಲ ಬಿಳಿ ಉಪ್ಪು ಅರಳಿತು. ಮೇಲೆ ಬಣ್ಣ ಬಳಿದೆ, ವಾರದೊಳಗೆ ಅದನ್ನೂ ತಳ್ಳಿಕೊಂಡು ಹೊರಗೆ ಬಂತು. ಈಗ ಕಾಕಾನ ಹೊಲದ ಎತ್ತರದ ಭಾಗದಿಂದ ತರುತ್ತೇನೆ, ಒಂದಡಿ ಕೆಳಗಿನದು. ಕುಟ್ಟಿ, ಹಿಟ್ಟಿನ ಸಾಣಿಗೆಯಲ್ಲಿ ಹಿಡಿಯಬೇಕು. ಆ ಸಾಣಿಗೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಹೊಸದಕ್ಕೆ ₹120 ಆಯಿತು, ಮಾತು ಬೇರೆ ಕೇಳಬೇಕಾಯಿತು.

ಬೋರ್ಡಿನದು ಇನ್ನೊಂದು ಕಥೆ. ಎಂಡಿಎಫ್ (ಕಟ್ಟಿಗೆ ನಾರು ಒತ್ತಿ ಮಾಡಿದ ಹಲಗೆ) ನೀರು ಕುಡಿದು ಬಾಗಿತು, ಅಲ್ಲಿ ಸುಮಾರು ₹900 ಹೋಯಿತು. ಗಣಪತಿ ಮಂಟಪದಿಂದ ಉಳಿದ ಥರ್ಮಾಕೋಲ್ ಪುಕ್ಕಟೆ ಸಿಕ್ಕಿತು, ಆದರೆ ಬೆರಳೊತ್ತಿದರೆ ಕುಳಿ. ಕೊನೆಗೆ ನಿಂತದ್ದು ಫ್ಲೆಕ್ಸ್ ಅಂಗಡಿಯವರು ಕತ್ತರಿಸಿ ಬಿಟ್ಟ 5 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ), ಒಂದಡಿ ಚೌಕದ 24 ತುಂಡು. ಒಂದೊಂದು ತುಂಡಿಗೆ ಟೈಲ್ ಅನ್ನುತ್ತೇನೆ. ಅದರ ಮೈ ನುಣುಪು. ಮೊದಲ ಸಲ ಮಣ್ಣು ಹಿಡಿಯದೆ ಹಪ್ಪಳದ ಹಾಗೆ ಅಂಚು ಎತ್ತಿ ಎದ್ದು ಬಂತು. ಚಾಕುವಿನಿಂದ ಗೀರಿ, ಫೆವಿಕಾಲ್ ಬಳಿದು ಉಸುಕು ಉದುರಿಸಿ, ಅದು ಪೂರ್ತಿ ಒಣಗಿದ ಮೇಲೆ ಮಣ್ಣು ಹಚ್ಚಿದರೆ ಕಚ್ಚಿಕೊಳ್ಳುತ್ತದೆ. ಬಿಸಿಲಿಗೆ ಮಾತ್ರ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಮೇಲ್ಮೈ ಮೊದಲು ಒಣಗಿ ಮತ್ತೆ ಅಂಚು ಏಳುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂರು-ನಾಲ್ಕು ದಿನ ಬಿಡಿ.

ಎಲ್ಲರೂ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ಉದುರದಿರಲಿ ಅಂತ ಮಣ್ಣಿಗೇ ಫೆವಿಕಾಲ್ ಕಲಸಿದರೆ ಬಿರುಕೇ ಬಿಡದು, ಚರ್ಮ ಹೊದಿಸಿದಂತೆ ಕೂರುತ್ತದೆ. ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಸಿಂಪಡಿಸಿದರೆ ಎರಿ ಮಣ್ಣು ನೀರು ಕುಡಿದು ಉಬ್ಬಿ, ಬೆಳಗಾಗುವುದರೊಳಗೆ ಬಿರುಕೆಲ್ಲ ಮಾಯ. ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಬಿದ್ದಿದ್ದೆ. ನೀರು ಇಲ್ಲದ ಅಂಟು ಬೇಕಿತ್ತು. ಮನೆಯ ಹಳೆಯ ಕಪಾಟಿಗೆ ಪಾಲಿಶ್ ಹೊಡೆಯಲು ಬಂದ ಬಡಿಗೇರ ಮಾಮಾ ಸ್ಪಿರಿಟ್‌ನಲ್ಲಿ ಚಪಡಾ ಅರಗು (ಶೆಲ್ಯಾಕ್) ಕರಗಿಸುತ್ತಿದ್ದ. ಒಂದು ಬಟ್ಟಲು ಬೇಡಿದೆ. "ಮಣ್ಣಿಗೆ ಪಾಲಿಶ್ ಏನ್ರೀ ಸರ? ತಲಿ ಸರಿ ಅದ ಇಲ್ಲೋ?" ಅಂದ. ಡ್ರಾಪರ್‌ನಿಂದ ಬಿರುಕಿನ ಅಂಚಿಗೆ ಹನಿ ಬಿಟ್ಟೆ. ಮಣ್ಣು ಸರ್ರನೆ ಎಳೆದುಕೊಂಡಿತು, ಬಿರುಕು ಕೂದಲೆಳೆಯಷ್ಟೂ ಕದಲಲಿಲ್ಲ. ಮರುದಿನ ಉಗುರಿನಿಂದ ಕೆರೆದರೂ ಪುಡಿ ಏಳಲಿಲ್ಲ.

ಅರಗಿನ ಮೊದಲ ಕೈ ಬಹಳ ತೆಳು, ಎರಡನೆಯದು ಕೊಂಚ ಗಟ್ಟಿ. ಅಳತೆ ಕೇಳಬೇಡಿ, ಅದು ನನ್ನದು. ಮಣ್ಣು ಕಲಸುವಾಗ ಇನ್ನೊಂದು ಸಾಮಾನು ಚಿಟಿಕೆ ಹಾಕುತ್ತೇನೆ, ಅದನ್ನೂ ಹೇಳುವುದಿಲ್ಲ. ಹೊಳಪು ಉಳಿಯುತ್ತದೆ ಅನ್ನುವವರಿಗೆ ಒಂದು ಮಾತು: ಎರಡನೇ ಕೈ ಇನ್ನೂ ಅಂಟಂಟಾಗಿರುವಾಗಲೇ ಅದೇ ಮಣ್ಣಿನ ಒಣ ಧೂಳು ಉದುರಿಸಿ ಬ್ರಶ್ ಆಡಿಸಿ. ಮಿರಗದ ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಿ, ತೇವದ ಗಾಳಿಯಲ್ಲಿ ಅರಗು ಬೆಳ್ಳಗೆ ಮಂಜು ಕಟ್ಟುತ್ತದೆ. ಸ್ಪಿರಿಟ್ ಒಲೆಯ ಹತ್ತಿರ ಬೇಡ.

ಜೋಳದ ಬೆಳೆಗೆ ಕಾಯರ್ ಕಾಲೊರೆಸು, ₹150ರದು. ಆಳೆತ್ತರದ ಜೋಳ ಅಂದರೆ ಎರಡು ಸೆಂಟಿಮೀಟರ್ ಸಾಕು. ತುದಿಗೆ ಫೆವಿಕಾಲ್ ಮುಟ್ಟಿಸಿ ಚಿರೋಟಿ ರವಾ ಅಂಟಿಸಿದೆ, ತೆನೆ ಭೇಷ್ ಕಂಡಿತು. ಇರುವೆಗಳಿಗೂ ಭೇಷ್ ಕಂಡಿತು. ಈಗ ರಂಗೋಲಿ ಪುಡಿ. ಕಾಲೊರೆಸು ಕತ್ತರಿಸಿದ ಪಟ್ಟಿಗಳನ್ನು ನೆಲಕ್ಕೆ ಅಂಟಿಸಬೇಡಿ. ಸೈನ್ಯ ಹೊಲಕ್ಕೆ ನುಗ್ಗಿದಾಗ ಎತ್ತಿಡಲು ಬರಬೇಕು.

ನಡುವೆ ಮಲಿಕ್-ಎ-ಮೈದಾನ್ ತೋಪಿಗೂ ಕೈ ಹಾಕಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಈಗ ನಮ್ಮ ವಿಜಯಪುರ ಕೋಟೆಯ ಶೆರ್ಜಾ ಬುರುಜಿನ ಮೇಲಿದೆ. 14 ಅಡಿ ಉದ್ದ, ಅಂದರೆ ನನ್ನ ಅಳತೆಗೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅಚ್ಚಿನಲ್ಲಿ ಬೆಸುಗೆಯ ಸೀಸ ಹೊಯ್ದೆ. ಅಚ್ಚಿನೊಳಗೆ ಹಸಿ ಉಳಿದಿತ್ತು, ಸೀಸ ಸಿಡಿದು ಅಂಗಿಗೆ ತೂತು. ವಾರ ಬಿಟ್ಟು ಒಣ ಅಚ್ಚಿನಲ್ಲಿ ಸರಿಯಾಗಿ ಬಂತು, ಬಾಯಿಯ ಹಲ್ಲು ಸಹ ಮೂಡಿವೆ. ವಿಜಯಪುರದ್ದೇ ಉಪ್ಪಲಿ ಬುರುಜನ್ನೂ ಇಡು ಅಂತ ಗೆಳೆಯರ ಒತ್ತಾಯ. ಅದು ಕಟ್ಟಿದ್ದು 1584ರ ಸುಮಾರಿಗೆ, 1565ರ ಟೇಬಲ್‌ಗೆ ಹೇಗೆ ಬರುತ್ತದೆ? 1686ರ ಔರಂಗಜೇಬನ ಮುತ್ತಿಗೆ ಆಡುವಾಗ ನೋಡೋಣ.

ದುಡ್ಡಿನ ಲೆಕ್ಕ: ಟೈಲ್ ಒಂದಕ್ಕೆ ಎಲ್ಲ ಸೇರಿ ₹85 ಬಿದ್ದಿರಬೇಕು, ಪೂರ್ತಿ ಟೇಬಲ್ ಎರಡು ಸಾವಿರದ ಆಸುಪಾಸು. ಕೆಟ್ಟು ಹೋದದ್ದು ಮತ್ತೆ ನಾಲ್ಕೂವರೆ ಸಾವಿರ. ಅಚ್ಚು ಹೊಡೆದ ಬಟ್ಟೆಯ ಮ್ಯಾಟ್‌ಗೆ ಕೊರಿಯರ್ ಸೇರಿ ನನಗೆ ಹೇಳಿದ ದರ ಏಳು ಸಾವಿರ. ಕೂಡಿಸಿ ನೋಡಿದರೆ ಇಬ್ಬರದೂ ಹತ್ತಿರ ಹತ್ತಿರ ಅಷ್ಟೇ ಅಂತ ನಗುವವರು ನಗಲಿ. ಹೋದ ದೀಪಾವಳಿಗೆ ಬಂದ ಕಾಕಾ ಟೈಲ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಈ ಹೊಲಕ್ಕ ಇನ್ನೊಂದ್ ಮಳಿ ಬೇಕಿತ್ತಲ್ಲೋ ತಮ್ಮಾ" ಅಂದ. ಮ್ಯಾಟ್ ನೋಡಿ ಯಾವ ರೈತ ಹಾಗಂದಾನು?

ಬೆಳಗಾವಿ ಕಡೆಯ ಗೆಳೆಯರೊಬ್ಬರು ಇದೇ ರೀತಿಯಲ್ಲಿ 1824ರ ಕಿತ್ತೂರು ಕಾಳಗದ ಟೇಬಲ್ ಮಾಡಿಕೊಡಿ ಅಂತ ಗಂಟು ಬಿದ್ದಿದ್ದಾರೆ. ಅವರು ಕಳಿಸಿದ ಕೆಂಪು ಮಣ್ಣು ಹಚ್ಚಿ ನೋಡಿದೆ. ಅದು ಎರಿಯಂತೆ ಬಿರಿಯುವ ಜಾತಿಯದಲ್ಲ, ಸುಮ್ಮನೆ ಒಣಗಿ ಕೂತಿತು. ಅದಕ್ಕೆ ಬರೀ ಅರಗಿನ ಮೇಲೆ ಸಾಣಿಗೆಯಿಂದ ಉದುರಿಸಿದರೆ ಸಾಕು ಅನ್ನಿಸುತ್ತದೆ. ಎರಡು ಟೈಲ್ ಹಾಗೆ ಮಾಡಿ ಒಣಗಲು ಬಿಟ್ಟಿದ್ದೇನೆ.